ಮೀನಿನ ಮಿದುಳಿಗೆ ಮದ್ದು, ಹಳ್ಳಕ್ಕೆ ವಿಷ

ಮಲೆನಾಡಿನ ಆಡುಮಾತಿನಲ್ಲಿ ಕೀಟನಾಶಕಕ್ಕೆ ‘ಮದ್ದು’ ಎಂದೇ ಹೆಸರು. ಅಡಿಕೆಗೆ ಮದ್ದು ಹೊಡೆಯುವುದು, ಕಾಫಿಯ ಕಾಂಡಕ್ಕೆ ಮದ್ದು ಬಳಿಯುವುದು, ಗದ್ದೆಗೆ ಮದ್ದು ಎರಚುವುದು ಎಂಬ ಮಾತುಗಳು ತಲೆಮಾರುಗಳಿಂದ ರೂಢಿಯಲ್ಲಿವೆ. ಕಾಯಿಲೆ ಗಿಡದ್ದು, ಮದ್ದು ಗಿಡಕ್ಕೆ. ಗಿಡದಿಂದ ಜಾರಿದ ಹನಿ ಎಲ್ಲಿಗೆ ಹೋಯಿತು, ಅಲ್ಲಿ ಅದು ಯಾರಿಗೆ ವಿಷವಾಯಿತು ಎಂಬ ಪ್ರಶ್ನೆ ಆ ಒಂದು ಪದದ ಹಿಂದೆ ಮರೆಯಾಗಿಬಿಡುತ್ತದೆ.

ವಿಜ್ಞಾನಿಗಳು ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಕೀಟನಾಶಕ ಬೆರೆತ ನೀರಿನಲ್ಲಿ ಬದುಕುವ ಮೀನಿನ ಮಿದುಳಿಗೆ ಏನಾಗುತ್ತದೆ ಎಂಬುದನ್ನು ಹಲವು ದೇಶಗಳ ಪ್ರಯೋಗಾಲಯಗಳು ದಶಕಗಳಿಂದ ಪರಿಶೀಲಿಸುತ್ತಿವೆ. ಈ ಸಂಶೋಧನೆಯ ಒಂದು ಕವಲು ಕುತೂಹಲಕರವಾದ ದಿಕ್ಕಿಗೆ ಹೊರಳಿದೆ. ಪ್ರಾಣಿಗಳ ದೇಹದಲ್ಲಿಯೇ ರಾತ್ರಿಯ ಹೊತ್ತು ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಮೀನಿಗೆ ಮೊದಲೇ ಕೊಟ್ಟರೆ ಕೀಟನಾಶಕದಿಂದ ಮಿದುಳಿಗೆ ಆಗುವ ಹಾನಿ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ವಿಷಕ್ಕೆ ‘ಮದ್ದು’ ಎಂದು ಹೆಸರಿಟ್ಟ ನಾಡಿಗೆ ಈಗ ಆ ಮದ್ದಿಗೂ ಒಂದು ಮದ್ದು ದೊರೆತಂತಾಗಿದೆ. ಈ ಸುದ್ದಿಯನ್ನು ಮಲೆನಾಡು ಹೇಗೆ ಸ್ವೀಕರಿಸಬೇಕು? ಹಾರ್ಮೋನು ಇದೆ, ಇನ್ನು ಚಿಂತೆಯಿಲ್ಲ ಎಂದು ನಿಶ್ಚಿಂತವಾಗಿರಬೇಕೆ, ಅಥವಾ ಹಳ್ಳದ ನೀರಿನ ಬಗ್ಗೆ ಹಿಂದೆಂದಿಗಿಂತ ಹೆಚ್ಚು ಎಚ್ಚರಗೊಳ್ಳಬೇಕೆ?

ಮೊದಲು ಹಳ್ಳದ ಸ್ಥಿತಿಯನ್ನೇ ನೋಡಬೇಕು. ಪಶ್ಚಿಮ ಘಟ್ಟದ ನದಿ, ತೊರೆಗಳಲ್ಲಿ ಸುಮಾರು 300 ಜಾತಿಯ ಸಿಹಿನೀರಿನ ಮೀನುಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕೋಡಿಗೆ ಹೊಸ ನೀರಿನ ವಿರುದ್ಧ ಏರಿ ಬರುವ ಹತ್ತುಮೀನಿನ ಸಂಭ್ರಮವನ್ನು ಕಂಡ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಮೊಟ್ಟೆಯಿಡಲು ಆಳವಿಲ್ಲದ, ತಿಳಿಯಾದ, ಹುಲ್ಲು ತುಂಬಿದ ನೀರನ್ನು ಹುಡುಕಿ ಅವು ಬರುತ್ತವೆ. ಅದೇ ದಿನಗಳಲ್ಲಿ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆ ನಡೆಯುತ್ತಿರುತ್ತದೆ; ಶುಂಠಿಯ ಗದ್ದೆಗೆ, ನೆಟ್ಟಿಯ ಗದ್ದೆಗೆ ಕೀಟನಾಶಕ ಬೀಳುತ್ತಿರುತ್ತದೆ; ಬೇಸಿಗೆಯ ಕೊನೆಯಲ್ಲಿ ಕಾಫಿಯ ಬಿಳಿ ಕಾಂಡಕೊರಕಕ್ಕೆಂದು ಬಳಿದ ಕ್ಲೋರ್‌ಪೈರಿಫಾಸ್ ತೊಗಟೆಯಲ್ಲಿ ಉಳಿದಿರುತ್ತದೆ. ಇಳಿಜಾರಿನ ನೆಲದಲ್ಲಿ ಮಳೆಯ ನೀರಿಗೆ ಒಂದೇ ದಾರಿ. ಸಂತತಿ ಬೆಳೆಸಲು ಮೇಲಕ್ಕೆ ಬರುವ ಮೀನೂ ತೋಟದಿಂದ ಕೆಳಕ್ಕೆ ಇಳಿಯುವ ವಿಷವೂ ಒಂದೇ ಹಳ್ಳದಲ್ಲಿ, ಒಂದೇ ವಾರದಲ್ಲಿ ಎದುರಾಗುತ್ತವೆ.

ವಿಷ ಮಿದುಳಿನಲ್ಲಿ ಮಾಡುವ ಕೆಲಸವನ್ನು ಅರಿಯುವುದು ಕಷ್ಟವಲ್ಲ. ಒಂದು ನರಕೋಶ ಮತ್ತೊಂದಕ್ಕೆ, ಅಥವಾ ಸ್ನಾಯುವಿಗೆ ಸಂದೇಶ ಕಳುಹಿಸುವಾಗ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಸಂದೇಶ ತಲುಪಿದ ಕೂಡಲೇ ಆ ರಾಸಾಯನಿಕವನ್ನು ಒಡೆದುಹಾಕಲು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಬಾಗಿಲ ಕರೆಗಂಟೆಯ ಗುಂಡಿಯನ್ನು ಒತ್ತಿದ ಬೆರಳನ್ನು ಹಿಂದಕ್ಕೆ ತೆಗೆಯುವ ಕೆಲಸ ಈ ಕಿಣ್ವದ್ದು. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಮೊನೊಕ್ರೊಟೊಫಾಸ್ ಮೊದಲಾದ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತವೆ. ಆಗ ಗಂಟೆ ಬಾರಿಸುತ್ತಲೇ ಇರುತ್ತದೆ. ಕೀಟ ನಡುಗಿ ಸಾಯುವುದು ಹೀಗೆ. ಮೀನಿನ ಮಿದುಳಿನಲ್ಲಿಯೂ ಇರುವುದು ಅದೇ ರಾಸಾಯನಿಕ, ಅದೇ ಬಗೆಯ ಕಿಣ್ವ. ಮನುಷ್ಯನ ಮಿದುಳಿನಲ್ಲಿಯೂ ಅಷ್ಟೇ.

ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿ ಉತ್ಪಾದಿಸುವಾಗ ಅತ್ಯಂತ ಚುರುಕಾದ, ಸಿಕ್ಕಿದ್ದನ್ನೆಲ್ಲ ಸುಡುವ ಕೆಲವು ಕಣಗಳು ಹುಟ್ಟುತ್ತವೆ. ಇವನ್ನು ಮುಕ್ತ ರ‍್ಯಾಡಿಕಲ್‌ಗಳೆಂದು ಕರೆಯುತ್ತಾರೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಎಣ್ಣೆ ಕಮಟುವುದೂ ಇಂತಹದೇ ಉತ್ಕರ್ಷಣ ಕ್ರಿಯೆಯಿಂದ. ಆರೋಗ್ಯವಂತ ದೇಹದಲ್ಲಿ ಇವನ್ನು ತಣಿಸಲು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್, ಕೆಟಲೇಸ್ ಎಂಬ ಕಿಣ್ವಗಳೂ ಗ್ಲುಟಥಯೋನ್ ಎಂಬ ಸಂಯುಕ್ತವೂ ಸದಾ ಕಾವಲಿರುತ್ತವೆ. ಕೀಟನಾಶಕ ದೇಹವನ್ನು ಹೊಕ್ಕಾಗ ಸುಡುವ ಕಣಗಳು ಹೆಚ್ಚುತ್ತವೆ, ಕಾವಲಿನವು ಸೋಲುತ್ತವೆ. ಮಿದುಳಿಗೆ ಇದರಿಂದ ಉಳಿದ ಅಂಗಗಳಿಗಿಂತ ಹೆಚ್ಚಿನ ಅಪಾಯ. ಮಿದುಳು ಆಮ್ಲಜನಕವನ್ನು ಬಹಳವಾಗಿ ಬಳಸುತ್ತದೆ. ಅದರಲ್ಲಿ ಸುಲಭವಾಗಿ ಉತ್ಕರ್ಷಣಗೊಳ್ಳುವ ಕೊಬ್ಬು ಹೇರಳವಾಗಿದೆ. ಅದರ ಕಾವಲು ಪಡೆ ಯಕೃತ್ತಿನಷ್ಟು ಬಲವಾದುದಲ್ಲ. ಮೀನಿನ ಮಿದುಳಿನಲ್ಲಿ ಇಂತಹ ಕೊಬ್ಬು ಇನ್ನೂ ಸಮೃದ್ಧ. ಆದುದರಿಂದ ಒಣ ಹುಲ್ಲಿನ ಬಣವೆಗೆ ಕಿಡಿ ಬಿದ್ದಂತೆ ಹಾನಿ ಬೇಗ ಹಬ್ಬುತ್ತದೆ.

ಮೆಲಟೋನಿನ್‌ನ ಪಾತ್ರ ಬರುವುದು ಇಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಸಂಗಡಿಗರು 1958ರಲ್ಲಿ ದನಗಳ ಪೀನಿಯಲ್ ಗ್ರಂಥಿಯಿಂದ ಈ ಹಾರ್ಮೋನನ್ನು ಬೇರ್ಪಡಿಸಿದರು. ಕಪ್ಪೆಯ ಚರ್ಮದ ಬಣ್ಣವನ್ನು ತಿಳಿಯಾಗಿಸುವ ಗುಣವಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. ಕತ್ತಲಾದಾಗ ಇದರ ಸ್ರಾವ ಏರುತ್ತದೆ, ಬೆಳಕು ಹರಿದಾಗ ಇಳಿಯುತ್ತದೆ. ಹೀಗಾಗಿ ದೇಹಕ್ಕೆ ರಾತ್ರಿ ಹಗಲುಗಳ, ಋತುಗಳ ಲೆಕ್ಕವನ್ನು ತಿಳಿಸುವ ದೂತನೆಂದೇ ಬಹುಕಾಲ ಅದನ್ನು ಭಾವಿಸಲಾಗಿತ್ತು. ಅದು ಸುಡುವ ಕಣಗಳನ್ನು ನೇರವಾಗಿ ತಣಿಸಬಲ್ಲ ಉತ್ಕರ್ಷಣ ನಿರೋಧಕವೂ ಹೌದೆಂಬುದನ್ನು 1993ರಲ್ಲಿ ರಸೆಲ್ ರೈಟರ್ ಅವರ ತಂಡ ತೋರಿಸಿಕೊಟ್ಟಿತು. ರಕ್ತದಿಂದ ಮಿದುಳಿಗೆ ಸಿಕ್ಕಿದ್ದೆಲ್ಲವೂ ದಾಟದಂತೆ ತಡೆಯುವ ಒಂದು ಬೇಲಿಯಿದೆ. ಮೆಲಟೋನಿನ್ ಅದನ್ನು ಸರಾಗವಾಗಿ ದಾಟುತ್ತದೆ, ಕಾವಲಿನ ಕಿಣ್ವಗಳ ಕೆಲಸವನ್ನೂ ಚುರುಕುಗೊಳಿಸುತ್ತದೆ.

ಮೀನಿನಲ್ಲಿ ಪೀನಿಯಲ್ ಗ್ರಂಥಿಯ ಸ್ಥಾನವೇ ವಿಶೇಷವಾದುದು. ಮನುಷ್ಯನಲ್ಲಿ ಅದು ಮಿದುಳಿನ ಆಳದಲ್ಲಿ ಅಡಗಿದ್ದು ಕಣ್ಣಿನ ಮೂಲಕ ಮಾತ್ರ ಬೆಳಕಿನ ಸುದ್ದಿಯನ್ನು ಪಡೆಯುತ್ತದೆ. ಮೀನಿನಲ್ಲಿ ಅದು ನೆತ್ತಿಯ ಕೆಳಗೇ ಇದೆ; ತಾನೇ ಬೆಳಕನ್ನು ಗ್ರಹಿಸುತ್ತದೆ. ಅನೇಕ ಜಾತಿಗಳಲ್ಲಿ ಅದರ ಮೇಲಿನ ಚರ್ಮವೂ ತಲೆಬುರುಡೆಯೂ ತೆಳುವಾಗಿ, ಬೆಳಕು ಹಾಯುವ ಕಿಟಕಿಯಂತಿರುತ್ತವೆ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಕಾಟ್ಲಾ ಮೀನಿನ ಪೀನಿಯಲ್ ಮತ್ತು ಮೆಲಟೋನಿನ್ ಕುರಿತು ದೀರ್ಘಕಾಲ ಸಂಶೋಧನೆ ನಡೆದಿದೆ. ಮೊಟ್ಟೆಯಿಡುವ ಕಾಲವನ್ನು ಮೀನು ಗುರುತಿಸುವುದರಲ್ಲಿ ಈ ಹಾರ್ಮೋನಿಗೆ ಪಾಲಿದೆಯೆಂಬುದು ಅಲ್ಲಿಯ ಕೆಲಸದಿಂದಲೂ ಸ್ಪಷ್ಟವಾಗಿದೆ.

ಕೀಟನಾಶಕ ಮತ್ತು ಮೆಲಟೋನಿನ್ ಕುರಿತ ಪ್ರಯೋಗಗಳ ವಿಧಾನ ಬಹುತೇಕ ಒಂದೇ. ಒಂದೇ ವಯಸ್ಸಿನ, ಗಾತ್ರದ ಮೀನುಗಳನ್ನು ತೊಟ್ಟಿಗಳಲ್ಲಿ ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಶುದ್ಧ ನೀರು, ಇನ್ನೊಂದಕ್ಕೆ ಅಲ್ಪ ಪ್ರಮಾಣದ ಕೀಟನಾಶಕ, ಮತ್ತೊಂದಕ್ಕೆ ಮೆಲಟೋನಿನ್ ಮಾತ್ರ, ಕೊನೆಯದಕ್ಕೆ ಎರಡೂ. ಕೆಲವು ದಿನಗಳ ಅನಂತರ ಮಿದುಳನ್ನು ಪರೀಕ್ಷಿಸಿ ಕೊಬ್ಬು ಎಷ್ಟು ಕೆಟ್ಟಿದೆ, ಕಾವಲಿನ ಕಿಣ್ವಗಳು ಎಷ್ಟು ಉಳಿದಿವೆ, ನರಕೋಶಗಳು ಹೇಗಿವೆ ಎಂದು ಅಳೆಯುತ್ತಾರೆ. ವಿಷ ಮಾತ್ರ ಕುಡಿದ ಗುಂಪಿಗಿಂತ, ಜೊತೆಗೆ ಮೆಲಟೋನಿನ್ ಪಡೆದ ಗುಂಪಿನ ಮಿದುಳಿನಲ್ಲಿ ಉತ್ಕರ್ಷಣದ ಹಾನಿ ಕಡಿಮೆ ಎಂಬುದು ಇಂತಹ ಪ್ರಯೋಗಗಳಲ್ಲಿ ಕಂಡುಬರುವ ಫಲಿತಾಂಶ. ಈ ಬಗೆಯ ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಜೀಬ್ರಾಮೀನು ಭಾರತ ಉಪಖಂಡದ ಗದ್ದೆ, ತೊರೆಗಳ ಮೂಲನಿವಾಸಿ ಎಂಬುದು ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ. ಜಗತ್ತಿನ ಪ್ರಯೋಗಾಲಯಗಳಲ್ಲಿ ಈಜುವ ಮೀನು ಇಲ್ಲಿಯ ಗದ್ದೆಮೀನುಗಳ ಹತ್ತಿರದ ಬಂಧು.

ಈ ಸಂಶೋಧನೆ ಸ್ವಾಗತಾರ್ಹ. ಆದರೆ ಅದರ ಮಿತಿಗಳನ್ನೂ ಅರಿಯಬೇಕು. ಮೆಲಟೋನಿನ್ ವಿಷವನ್ನು ನಾಶಮಾಡುವುದಿಲ್ಲ. ವಿಷ ಹಚ್ಚಿದ ಬೆಂಕಿಯ ಒಂದು ಭಾಗವನ್ನು ಮಾತ್ರ ತಣಿಸುತ್ತದೆ. ಕಿಣ್ವಕ್ಕೆ ಅಂಟಿಕೊಂಡ ವಿಷವನ್ನು ಬಿಡಿಸುವುದು ಬೇರೆಯೇ ಕೆಲಸ. ಕೀಟನಾಶಕ ಸೇವಿಸಿ ಆಸ್ಪತ್ರೆ ಸೇರಿದ ಮನುಷ್ಯನಿಗೆ ವೈದ್ಯರು ಪ್ರಾಲಿಡಾಕ್ಸಿಮ್ ಕೊಡುವುದು ಇದಕ್ಕಾಗಿಯೇ. ಎರಡನೆಯದಾಗಿ, ತೊಟ್ಟಿಯಲ್ಲಿ ಅಳೆದು ಕೊಟ್ಟ ಹಾರ್ಮೋನನ್ನು ಹರಿಯುವ ಹಳ್ಳದಲ್ಲಿ ಕೊಡುವವರಾರು? ಸಾಕಣೆಯ ಕೊಳದ ಮೀನಿಗೆ ಆಹಾರದೊಂದಿಗೆ ಬೆರೆಸಿ ಕೊಡುವುದನ್ನು ಊಹಿಸಬಹುದು. ತುಂಗೆಗೆ, ನೇತ್ರಾವತಿಗೆ, ಹೇಮಾವತಿಗೆ ಸೇರುವ ಸಾವಿರಾರು ತೊರೆಗಳ ಮೀನುಗಳಿಗೆ ಅದು ಅಸಾಧ್ಯ. ಮೂರನೆಯದಾಗಿ, ಹಾರ್ಮೋನು ಸಕ್ಕರೆಯ ಪಾನಕವಲ್ಲ. ಕಾಟ್ಲಾ ಮೀನಿನ ಸಂತಾನೋತ್ಪತ್ತಿಯ ಅಂಗಗಳ ಮೇಲೆ ಮೆಲಟೋನಿನ್‌ನ ಪರಿಣಾಮ ವರ್ಷದ ಬೇರೆ ಬೇರೆ ಘಟ್ಟಗಳಲ್ಲಿ ಬೇರೆ ಬೇರೆಯಾಗಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಕೊಟ್ಟ ರಾತ್ರಿಯ ಹಾರ್ಮೋನು ಮೀನಿನ ಋತುಜ್ಞಾನವನ್ನೇ ಕದಡಬಹುದು.

ನಾಲ್ಕನೆಯ ಮಿತಿ ಎಲ್ಲಕ್ಕಿಂತ ದೊಡ್ಡದು. ಪ್ರಯೋಗಾಲಯದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ವಿಷ. ಹಳ್ಳದಲ್ಲಿ ಇರುವುದು ಎಲ್ಲ ತೋಟಗಳ, ಎಲ್ಲ ಗದ್ದೆಗಳ ಮಿಶ್ರಣ. ಅಮೆರಿಕದ ವಾಯವ್ಯ ಭಾಗದ ಕೋಹೋ ಸಾಲ್ಮನ್ ಮರಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ಣು ತೆರೆಸುವಂತಹುದು. ಡಯಾಜಿನಾನ್, ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್, ಕಾರ್ಬರಿಲ್, ಕಾರ್ಬೊಫ್ಯುರಾನ್ ಎಂಬ ಐದು ಕೀಟನಾಶಕಗಳನ್ನು ಜೋಡಿಜೋಡಿಯಾಗಿ ಬೆರೆಸಿದಾಗ ಮಿದುಳಿನ ಕಿಣ್ವಕ್ಕೆ ಆದ ಹಾನಿ ಹಲವು ಜೋಡಿಗಳಲ್ಲಿ ಎರಡರ ಮೊತ್ತವನ್ನು ಮೀರಿತು. ಬೇರೆಬೇರೆಯಾಗಿ ಕೊಂದಿರದ ಪ್ರಮಾಣಗಳೇ ಕೆಲವು ಜೋಡಿಗಳಲ್ಲಿ ಮರಿಗಳನ್ನು ಕೊಂದವು. ತನ್ನ ತೋಟದ ಮದ್ದು ಸ್ವಲ್ಪವೇ ಎಂದು ಪ್ರತಿಯೊಬ್ಬ ಬೆಳೆಗಾರನೂ ಪ್ರಾಮಾಣಿಕವಾಗಿಯೇ ಹೇಳಬಹುದು. ಆ ‘ಸ್ವಲ್ಪ’ಗಳೆಲ್ಲ ಹಳ್ಳದ ತಿರುವಿನಲ್ಲಿ ಒಂದುಗೂಡುತ್ತವೆ.

ಸ್ವಲ್ಪವೆಂದರೆ ಎಷ್ಟು ಎಂಬುದಕ್ಕೆ ಒಂದು ಲೆಕ್ಕವಿದೆ. ಶಾಲೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು. ಮಾರುಕಟ್ಟೆಯಲ್ಲಿ ದೊರೆಯುವ ಶೇ. 20ರ ಕ್ಲೋರ್‌ಪೈರಿಫಾಸ್ ದ್ರಾವಣದ 5 ಮಿಲಿಲೀಟರಿನಲ್ಲಿ, ಅಂದರೆ ಒಂದು ಚಹಾ ಚಮಚದಲ್ಲಿ, ಸುಮಾರು ಒಂದು ಗ್ರಾಂ ವಿಷವಿರುತ್ತದೆ. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಆ ಚಮಚದ ವಿಷವನ್ನು ಲೀಟರಿಗೆ ಒಂದು ಮೈಕ್ರೋಗ್ರಾಂ ಮಟ್ಟಕ್ಕೆ ಇಳಿಸಬೇಕಾದರೆ ಹತ್ತು ಲಕ್ಷ ಲೀಟರ್ ನೀರು ಬೇಕು. ಕೆಲವು ಜಾತಿಯ ಮೀನುಗಳಿಗೆ ಕ್ಲೋರ್‌ಪೈರಿಫಾಸ್ ಲೀಟರಿಗೆ ಹತ್ತು ಮೈಕ್ರೋಗ್ರಾಂ ತಲುಪುವ ಮೊದಲೇ ಮಾರಕವಾಗುತ್ತದೆ. ಬೇಸಿಗೆಯಲ್ಲಿ ಗುಂಡಿಗಳಲ್ಲಷ್ಟೇ ನೀರು ಉಳಿದ ಹಳ್ಳದ ದಡದಲ್ಲಿ ಕುಳಿತು ಸಿಂಪರಣೆಯ ಪಂಪನ್ನು, ಖಾಲಿ ಶೀಸೆಯನ್ನು ತೊಳೆಯುವ ಕೈಗೆ ಈ ಲೆಕ್ಕ ತಿಳಿದಿರಬೇಕು.

ಮೀನು ಸತ್ತು ತೇಲಿದರೆ ಊರಿಗೆ ತಿಳಿಯುತ್ತದೆ. ಸಾಯದ ಮೀನಿನ ಕಥೆ ಯಾರಿಗೂ ತಿಳಿಯುವುದಿಲ್ಲ. ಚಿನೂಕ್ ಸಾಲ್ಮನ್ ಮೀನುಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೀಟರಿಗೆ ಒಂದು ಮೈಕ್ರೋಗ್ರಾಂ ಡಯಾಜಿನಾನ್ ಇದ್ದ ನೀರಿನಲ್ಲಿ ಕೇವಲ ಎರಡು ಗಂಟೆ ಕಳೆದ ಮೀನುಗಳು ಅಪಾಯದ ವಾಸನೆಗೆ ಪ್ರತಿಕ್ರಿಯಿಸುವುದನ್ನು ಮರೆತವು. ತಮ್ಮ ಜಾತಿಯ ಮೀನು ಗಾಯಗೊಂಡ ವಾಸನೆ ಬಂದೊಡನೆ ಅವು ಅಲುಗಾಡದೆ, ಆಹಾರ ಬಿಟ್ಟು ಅಡಗಬೇಕಾಗಿತ್ತು, ಅಡಗಲಿಲ್ಲ. ಪ್ರಮಾಣ ಹೆಚ್ಚಿದಾಗ ಹುಟ್ಟಿದ ನೀರಿಗೆ ಮರಳುವ ದಾರಿಯನ್ನೂ ತಪ್ಪಿದವು. ಬೋರ್ಡೋ ದ್ರಾವಣದಲ್ಲಿರುವ ತಾಮ್ರವೂ ನೀರಿಗೆ ಸೇರಿದರೆ ಮೀನಿನ ಘ್ರಾಣಶಕ್ತಿಯನ್ನು ಕುಂದಿಸಬಲ್ಲದು. ಮಲೆನಾಡಿನ ಹಳ್ಳದಲ್ಲಿ ಮಿದುಳು ಮಂಕಾದ ಮೀನು ಮಿಂಚುಳ್ಳಿಯಿಂದ ತಪ್ಪಿಸಿಕೊಳ್ಳಲಾರದು, ಸೆಳವಿನ ಎದುರು ನಿಲ್ಲಲಾರದು, ಮೊದಲ ಮಳೆಗೆ ಮೇಲೇರಲಾರದು. ಒಂದೂ ಹೆಣ ತೇಲದೆ ಹಳ್ಳ ಬರಿದಾಗುವುದು ಹೀಗೆ. ಮುಂಚಿನಂತೆ ಮೀನು ಹತ್ತುವುದಿಲ್ಲ ಎಂದು ಹಿರಿಯರು ನಿಟ್ಟುಸಿರಿಡುವಾಗ ಅಣೆಕಟ್ಟು, ಮರಳುಗಣಿ, ಅತಿಯಾದ ಬೇಟೆ ಇವುಗಳ ಜೊತೆಗೆ ಈ ಕಾರಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಕೀಟನಾಶಕದ ಶೀಸೆಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಿರುತ್ತವೆ. ಕೆಂಪು ಘೋರ ವಿಷ, ಹಸಿರು ಅಲ್ಪ ವಿಷ ಎಂದು ರೈತರು ಅರಿತಿದ್ದಾರೆ. ಆದರೆ ಈ ಬಣ್ಣಗಳು ಸಸ್ತನಿಗಳ ಮೇಲಿನ ಪರಿಣಾಮವನ್ನು ಅಳೆದು ನಿಗದಿಯಾದವು. ಮೀನಿನ ಮಾತು ಅಲ್ಲಿಲ್ಲ. ಸೈಪರ್‌ಮೆಥ್ರಿನ್ ಮೊದಲಾದ ಪೈರೆಥ್ರಾಯ್ಡ್‌ಗಳನ್ನು ಮನುಷ್ಯನ ದೇಹ ಬೇಗನೆ ಒಡೆದು ಹೊರಹಾಕುತ್ತದೆ; ಮೀನಿನ ದೇಹಕ್ಕೆ ಆ ಶಕ್ತಿ ಅತ್ಯಲ್ಪ. ಆದುದರಿಂದ ಮನುಷ್ಯನಿಗೆ ಸೌಮ್ಯವೆನಿಸಿದ್ದು ಹಳ್ಳಕ್ಕೂ ಸೌಮ್ಯ ಎಂದು ಭಾವಿಸುವಂತಿಲ್ಲ.

ಮೀನಿನ ಮಿದುಳಿನ ಚಿಂತೆ ಮನುಷ್ಯರಿಗೇಕೆ ಎಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ. ಅದೇ ಹಳ್ಳದ ನೀರು ದನಕರುಗಳಿಗೆ, ಕೆಳಗಿನ ಊರಿಗೆ, ಎಷ್ಟೋ ಮನೆಗಳ ಹಂಡೆಗೆ ಹೋಗುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಮದ್ದು ಹೊಡೆಯುವ ಕೂಲಿಯಾಳಿನ ನರಗಳಲ್ಲಿ ಕೆಲಸ ಮಾಡುವುದೂ ಅದೇ ಕಿಣ್ವ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್, ಬೇರೊಂದು ಗುಂಪಿನ ವಿಷವಾದರೂ, ಮೀನಿಗೆ ಅತಿ ಘೋರವಾದುದೆಂದು ಬಹಳ ಹಿಂದೆಯೇ ದಾಖಲಾಗಿತ್ತು. ಆ ಎಚ್ಚರಿಕೆಯನ್ನು ಕೇಳಿಸಿಕೊಳ್ಳಲು ದೇಶಕ್ಕೆ 2011ರ ಮೇ ತಿಂಗಳ ಸುಪ್ರೀಂ ಕೋರ್ಟಿನ ಆದೇಶವೇ ಬೇಕಾಯಿತು. ಅಷ್ಟರಲ್ಲಿ ಕೊಕ್ಕಡದ ಸುತ್ತಲಿನ ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದರು.

ಆದರೂ ಪ್ರತಿ ಕಾಯಿಲೆಯನ್ನೂ ಮದ್ದಿನ ತಲೆಗೆ ಕಟ್ಟುವುದು ಸರಿಯಲ್ಲ. 1970ರ ದಶಕದಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಕೀಲು, ಸೊಂಟಗಳನ್ನು ಕುಗ್ಗಿಸುವ ಕಾಯಿಲೆ ಬೆಳಕಿಗೆ ಬಂದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನುಗಳನ್ನು ತಿಂದುದೇ ಕಾರಣವಿರಬಹುದೆಂದು ಶಂಕಿಸಲಾಗಿತ್ತು. ಮುಂದಿನ ಅಧ್ಯಯನಗಳು ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಕಾಯಿಲೆಯೆಂದು ಹೇಳಿದವು. ಚಳವಳಿಗಳು ಈ ಪಾಠವನ್ನು ಮರೆಯಬಾರದು. ಶಂಕೆ ಪ್ರಶ್ನೆಯ ಆರಂಭ. ಪರೀಕ್ಷೆಯಿಲ್ಲದೆ ಅದು ಉತ್ತರವಾಗದು. ಮೀನಿನ ಮಿದುಳಿನ ವಿಷಯದಲ್ಲಾದರೋ ಪರೀಕ್ಷೆ ನಡೆದಿದೆ, ಉತ್ತರವೂ ದೊರೆತಿದೆ.

ತೋಟದಿಂದ ಜಾರುವ ವಿಷ ಅಜಾಗರೂಕತೆಯ ಫಲ. ಹಳ್ಳಕ್ಕೆ ಬೇಕೆಂದೇ ವಿಷ ಸುರಿಯುವುದು ಅಪರಾಧ. ಹಿಂದೆ ಕಾರೆಕಾಯಿಯನ್ನು ಜಜ್ಜಿ ಗುಂಡಿಯ ನೀರಿಗೆ ಹಾಕಿ ಮೀನನ್ನು ಮಂಕುಗೊಳಿಸಿ ಹಿಡಿಯುವ ಕ್ರಮವಿತ್ತು. ಈಗ ಕೀಟನಾಶಕವನ್ನೂ ಮೈಲುತುತ್ತವನ್ನೂ ಸುರಿಯುವವರಿದ್ದಾರೆ. ಒಂದು ಬುಟ್ಟಿ ಮೀನಿಗಾಗಿ ಮರಿ, ಮೊಟ್ಟೆ, ಏಡಿ, ಕಪ್ಪೆ, ನೀರಹುಳು ಎಲ್ಲವೂ ಮೈಲುಗಟ್ಟಲೆ ಸಾಯುತ್ತವೆ. ಆ ಮೀನನ್ನು ತಿಂದವರ ಹೊಟ್ಟೆಗೂ ವಿಷವೇ ಸೇರುತ್ತದೆ. ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನುಗಳೆಂದು ಜನ ಕಾಪಾಡಿಕೊಂಡು ಬಂದಿದ್ದ ಸಾವಿರಾರು ಮೀನುಗಳು 1996ರಲ್ಲಿ ವಿಷಕ್ಕೆ ಬಲಿಯಾದವು. ಅವುಗಳ ನೆನಪಿಗೆ ಊರಿನವರು ಸ್ಮಾರಕ ನಿಲ್ಲಿಸಿದರು. ಶೃಂಗೇರಿಯ ತುಂಗೆಯ ಘಟ್ಟದಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಅಕ್ಕಿಕಾಳಿಗೆ ಮುತ್ತುವ ಮೀನುಗಳನ್ನು ಕಂಡು ಕೈಮುಗಿಯುವ ಭಕ್ತಿ, ಅದೇ ನದಿಗೆ ಸೇರುವ ಮನೆಯ ಹಿಂದಿನ ತೊರೆಗೂ ವಿಸ್ತರಿಸಬೇಕಾಗಿದೆ.

ಈ ಮಾತುಗಳನ್ನು ಹೇಳುವಾಗ ರೈತನ ಕಷ್ಟವನ್ನು ಮರೆತರೆ ಅದು ಅನ್ಯಾಯವಾದೀತು. ಕೊಳೆರೋಗ ಬಂದ ವರ್ಷ ಅರ್ಧ ಫಸಲು ನೆಲಕ್ಕೆ ಬೀಳುವುದನ್ನು ಕಂಡವರಿಗೆ ಮದ್ದು ಬಿಡಿ ಎಂಬ ಉಪದೇಶ ರುಚಿಸದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಬೋರ್ಡೋ ದ್ರಾವಣವನ್ನು ಬಳಕೆಗೆ ತರುವ ಮೊದಲು, ಮಳೆ ತಾಗದಂತೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುವ ಶ್ರಮದ ಪದ್ಧತಿಯಿತ್ತು. ಇಂದು ಅದಕ್ಕೆ ಆಳು ಸಿಗುವುದು ಕಷ್ಟ. ಆದರೂ ಮದ್ದಿನ ಬಳಕೆಯನ್ನು ಇಳಿಸುವ ದಾರಿಗಳು ಇಲ್ಲವೆಂದಲ್ಲ. ಕಾಂಡಕೊರಕಕ್ಕೆ ತೋಟದ ನೆರಳನ್ನು ಕಾಯ್ದುಕೊಳ್ಳುವುದು, ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ಹುಳು ಬಿದ್ದ ಗಿಡಗಳನ್ನು ದುಂಬಿ ಹೊರಬೀಳುವ ಮೊದಲೇ ಕಿತ್ತು ಸುಡುವುದು ಕಾಫಿ ಸಂಶೋಧಕರೇ ಸಲಹೆ ಮಾಡಿರುವ ಕ್ರಮಗಳು. ಕಾಯಿಕೊರಕಕ್ಕೆ ಬಲೆಗಳೂ, ಉದುರಿದ ಹಣ್ಣನ್ನು ಆರಿಸಿ ತೆಗೆಯುವ ಶಿಸ್ತೂ, ಬ್ಯೂವೇರಿಯಾ ಎಂಬ ಉಪಕಾರಿ ಶಿಲೀಂಧ್ರವೂ ಇವೆ. ಬೋರ್ಡೋ ದ್ರಾವಣ ಅನಿವಾರ್ಯವಾದಲ್ಲಿ ಅದನ್ನು ಹಳ್ಳದ ಬದಿಯಲ್ಲಿ ತಯಾರಿಸದಿರುವುದು, ಉಳಿದದ್ದನ್ನು ನೀರಿಗೆ ಸುರಿಯದಿರುವುದು ಯಾವ ಖರ್ಚೂ ಇಲ್ಲದ ಕೆಲಸ.

ಕಾನೂನು ಕೂಡ ನಿಧಾನವಾಗಿಯಾದರೂ ಚಲಿಸುತ್ತಿದೆ. ಕೇಂದ್ರ ಸರ್ಕಾರದ 2018ರ ಆದೇಶದಂತೆ ಡಯಾಜಿನಾನ್, ಕಾರ್ಬರಿಲ್, ಮೀಥೈಲ್ ಪ್ಯಾರಾಥಿಯಾನ್ ಮೊದಲಾದವು ನಿಷೇಧಗೊಂಡವು. ಫೋರೇಟ್, ಡೈಕ್ಲೋರ್‌ವಾಸ್, ಟ್ರಯಜೋಫಾಸ್‌ಗಳ ಬಳಕೆ 2020ರ ಡಿಸೆಂಬರ್ 31ರಿಂದ ನಿಂತಿತು. ಕ್ಲೋರ್‌ಪೈರಿಫಾಸನ್ನು 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಜಗತ್ತಿನಿಂದ ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು, ಹಲವು ಬೆಳೆಗಳಿಗೆ ವಿನಾಯಿತಿಯನ್ನೂ ಇಟ್ಟವು. ಒಂದು ವಿಷ ನಿಷೇಧವಾಗುವ ಹೊತ್ತಿಗೆ ಮತ್ತೊಂದು ಅಂಗಡಿಯ ಕಪಾಟಿಗೆ ಬಂದಿರುತ್ತದೆ. ಆದುದರಿಂದ ದೂರದ ಆದೇಶಕ್ಕಾಗಿ ಕಾಯುತ್ತಾ ಕೂರುವ ಹಳ್ಳಿಗೆ ಹಳ್ಳ ಉಳಿಯದು.

ಮೆಲಟೋನಿನ್ ಸಂಶೋಧನೆ ಕಲಿಸುವ ಮತ್ತೊಂದು ಪಾಠವನ್ನೂ ಗಮನಿಸಬೇಕು. ಈ ಹಾರ್ಮೋನನ್ನು ಮೀನು ಯಾವ ಔಷಧಾಲಯದಿಂದಲೂ ತರಬೇಕಾಗಿಲ್ಲ. ಕತ್ತಲೆ ಸಾಕು. ಬರ್ಲಿನ್ನಿನ ಸಂಶೋಧಕರು ಪರ್ಚ್ ಎಂಬ ಮೀನಿನ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರಾತ್ರಿ ಕೇವಲ ಒಂದು ಲಕ್ಸ್ ಬೆಳಕು ಬಿದ್ದರೂ ಮೀನಿನ ಮೆಲಟೋನಿನ್ ಕುಗ್ಗಿತು. ಹುಣ್ಣಿಮೆಯ ಬೆಳದಿಂಗಳಿಗಿಂತ ಅದು ಕೆಲವೇ ಪಟ್ಟು ಹೆಚ್ಚು. ಹೊಳೆಯಂಚಿನ ರೆಸಾರ್ಟುಗಳು, ಸೇತುವೆಗಳು ರಾತ್ರಿಯಿಡೀ ನೀರಿಗೆ ಚೆಲ್ಲುವ ಬೆಳಕು ಇದಕ್ಕಿಂತ ಎಷ್ಟೋ ಪ್ರಖರ. ದಡದ ಮರಗಳನ್ನು ಕಡಿಯದೆ, ರಾತ್ರಿಯ ನೀರನ್ನು ಕತ್ತಲೆಯಲ್ಲಿಯೇ ಬಿಟ್ಟರೆ ಮೀನಿನ ಮಿದುಳಿನ ಸಹಜ ಕಾವಲನ್ನು ಕಾಪಾಡಿದಂತಾಗುತ್ತದೆ. ವಿಷದ ಎದುರು ಅದು ಅಷ್ಟಿಷ್ಟು ನೆರವಾದೀತು. ಆದರೆ ವಿಷ ಬರುತ್ತಲೇ ಇದ್ದರೆ ಯಾವ ಕಾವಲೂ ಬಹುಕಾಲ ನಿಲ್ಲದು.

ಹಳ್ಳಿಗಳು ಮಾಡಬಹುದಾದ ಕೆಲಸಗಳು ಸರಳವಾಗಿವೆ. ಹಳ್ಳದ ಎರಡೂ ಬದಿಗಳಲ್ಲಿ ಮದ್ದು ಹೊಡೆಯದ ಹಸಿರು ಪಟ್ಟಿಯೊಂದನ್ನು ಬಿಡಬೇಕು. ಹುಲ್ಲು, ವಾಟೆ, ಪೊದೆಗಳು ಅಲ್ಲಿ ಬೆಳೆದು ಹರಿವನ್ನು ಸೋಸಲಿ. ಮಳೆಯ ಮೋಡ ಕಂಡ ದಿನ ಸಿಂಪರಣೆ ನಿಲ್ಲಬೇಕು. ಪಂಪನ್ನು ಹಳ್ಳದಲ್ಲಿ ತೊಳೆಯದೆ, ತೊಳೆದ ನೀರನ್ನು ಬೆಳೆಗೇ ಹಾಕಬೇಕು. ಖಾಲಿ ಶೀಸೆಗಳನ್ನು ಮೂರು ಬಾರಿ ತೊಳೆದು, ತೂತು ಮಾಡಿ, ಒಂದೆಡೆ ಕೂಡಿಡಬೇಕು. ಎರಡು ಮದ್ದುಗಳನ್ನು ಅಂಗಡಿಯವನ ಮಾತಿನ ಮೇಲೆ ಬೆರೆಸುವ ರೂಢಿ ತಪ್ಪಬೇಕು. ವಿಷ ಹಾಕಿ ಮೀನು ಹಿಡಿಯುವವರನ್ನು ಊರೇ ತಡೆಯಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯತಿಗಳಲ್ಲಿ ರಚನೆಯಾಗಬೇಕಾದ ನಿರ್ವಹಣಾ ಸಮಿತಿಗಳು ಕಾಗದದಿಂದ ಹಳ್ಳಕ್ಕೆ ಇಳಿದು, ಯಾವ ಗುಂಡಿಯಲ್ಲಿ ಯಾವ ಮೀನು ಮೊಟ್ಟೆಯಿಡುತ್ತದೆ ಎಂಬುದನ್ನು ದಾಖಲಿಸಿ, ಆ ಗುಂಡಿಗಳಿಗೆ ರಕ್ಷಣೆ ಒದಗಿಸಬೇಕು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಮೀನಿನ ಮಿದುಳನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕು. ಹಳ್ಳವನ್ನು ಓದಲು ಕಣ್ಣು ಮತ್ತು ನೋಟ್ ಪುಸ್ತಕ ಸಾಕು. ಕಲ್ಲುಗಳ ಅಡಿಯಲ್ಲಿ ನೀರಹು‌ಳುಗಳ ಮರಿಗಳಿವೆಯೇ, ಮೊದಲ ಮಳೆಯ ಅನಂತರ ಎಷ್ಟನೆಯ ದಿನ ಮೀನು ಹತ್ತಿತು, ಯಾವ ತಿಂಗಳಲ್ಲಿ ಮೀನುಗಳು ಮಂಕಾಗಿ ದಡಕ್ಕೆ ಬಂದವು, ಆ ವಾರ ಯಾವ ತೋಟದಲ್ಲಿ ಯಾವ ಸಿಂಪರಣೆ ನಡೆದಿತ್ತು ಎಂದು ವರ್ಷದಿಂದ ವರ್ಷಕ್ಕೆ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಅದು ಯಾವ ಇಲಾಖೆಯಲ್ಲಿಯೂ ಸಿಗದ ದಾಖಲೆಯಾಗುತ್ತದೆ. ಹಿರಿಯರ ನೆನಪನ್ನು ಅದಕ್ಕೆ ಸೇರಿಸಿದರೆ ಐವತ್ತು ವರ್ಷಗಳ ಚಿತ್ರ ದೊರೆಯುತ್ತದೆ.

ಪ್ರಯೋಗಾಲಯದ ಮೆಲಟೋನಿನ್ ಮೀನಿನ ಪರವಾಗಿ ನುಡಿಯುವ ಸಾಕ್ಷಿ. ವಿಷ ಎಲ್ಲಿ ಹೊಕ್ಕಿತು, ಏನನ್ನು ಸುಟ್ಟಿತು ಎಂದು ಅದು ತೋರಿಸಿಕೊಟ್ಟಿದೆ. ಆ ಸಾಕ್ಷಿಯನ್ನು ಕೇಳಿದ ಮೇಲೂ ಪಂಪನ್ನು ಹಳ್ಳದಲ್ಲಿಯೇ ತೊಳೆದರೆ, ಅರಿಯದೆ ಮಾಡಿದ ತಪ್ಪು ಎನ್ನುವ ನೆಪ ಉಳಿಯುವುದಿಲ್ಲ. ಮುಂದಿನ ಮುಂಗಾರಿಗೆ ಮೀನು ಮತ್ತೆ ಹತ್ತಲು ಬರುತ್ತದೆ. ಅದು ಏರಿ ಬರುವ ನೀರಿನಲ್ಲಿ ಏನಿರಬೇಕು ಎಂಬುದನ್ನು ಹಳ್ಳದ ಮೇಲ್ದಂಡೆಯ ಮನೆಗಳೇ ನಿರ್ಧರಿಸಬೇಕಾಗಿದೆ.